ದೆವ್ವದ ವೇಷ ಮೊಮ್ಮಕ್ಕಳಿಗೆ, ಹೆದರುವ ಕೆಲಸ ಅಜ್ಜಿಗೆ

ಪ್ರಶ್ನೆ: ಮಗಳು ಅಮೆರಿಕದಲ್ಲಿದ್ದಾಳೆ. ಈ ಸಲ ಅಕ್ಟೋಬರ್ ಪೂರ್ತಿ ಅವಳ ಮನೆಯಲ್ಲೇ ಇರುತ್ತೇನೆ. ಮೊಮ್ಮಗನಿಗೆ 9 ವರ್ಷ, ಮೊಮ್ಮಗಳಿಗೆ 6. "ಹ್ಯಾಲೋವೀನ್‌ಗೆ ಏನ್ ಆಟ ಆಡಿಸ್ತೀಯಾ ಅಜ್ಜಿ" ಅಂತ ಈಗಲೇ ಫೋನಿನಲ್ಲಿ ತಲೆ ತಿನ್ನುತ್ತಿದ್ದಾರೆ. ನನಗೆ ಮಂಡಿ ನೋವು, ಕೆಳಗೆ ಕೂತರೆ ಏಳುವುದು ಕಷ್ಟ. ಕುರ್ಚಿ ಬಿಟ್ಟೇಳದೆ ಆಡಿಸುವಂಥದ್ದು ಏನಾದರೂ ಇದೆಯಾ?

ಉತ್ತರ: ಬೇಕಾದಷ್ಟಿವೆ ಅಮ್ಮಾ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಹ್ಯಾಲೋವೀನ್ ಅಂದರೆ ಅಕ್ಟೋಬರ್ 31ರ ಸಂಜೆ ಮಕ್ಕಳು ದೆವ್ವ-ಭೂತದ ವೇಷ ಹಾಕಿ ಮನೆಮನೆಗೆ ಹೋಗಿ ಸಿಹಿ ಕೇಳುವ ಹಬ್ಬ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ದೊಡ್ಡವರು ಹೆದರಿಸಬೇಕು, ಮಕ್ಕಳು ಹೆದರಬೇಕು ಅಂತ ಆಟ ಶುರು ಮಾಡಿದರೆ ಐದು ನಿಮಿಷಕ್ಕೆ ಯಾರಾದರೂ ಅಳುತ್ತಾರೆ. ಅದನ್ನೇ ತಿರುಗಿಸಿ ನೋಡಿ. ಅವರು ಹೆದರಿಸಲಿ, ನೀವು "ಅಯ್ಯಯ್ಯೋ" ಅಂತ ಕಿರುಚಿ. ಮಂಡಿ ಹೇಗಿದ್ದರೇನು, ಗಂಟಲು ಸರಿಯಿದ್ದರೆ ಸಾಕು.

ಮೊದಲನೆಯದು ಬಟ್ಟಲಿನ ಆಟ. ಅಲ್ಲಿನ ಮನೆಗಳಲ್ಲಿ ಬಹಳ ಹಿಂದಿನಿಂದ ಆಡುತ್ತಾ ಬಂದಿದ್ದಾರೆ. ಲೈಟ್ ಕಡಿಮೆ ಮಾಡಿ, ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ, ಒಂದೊಂದೇ ಬಟ್ಟಲು ಕೈಗೆ ಕೊಡುತ್ತಾ ಕತೆ ಹೇಳಬೇಕು. ಸಿಪ್ಪೆ ಸುಲಿದ ದ್ರಾಕ್ಷಿ ಅಂದರೆ ಸತ್ತವನ ಕಣ್ಣುಗುಡ್ಡೆ. ಬೇಯಿಸಿ ಸ್ವಲ್ಪ ಎಣ್ಣೆ ಸವರಿದ ಸ್ಪ್ಯಾಗೆಟಿ ಅವನ ಕರುಳು. ಒಣಗಿದ ಏಪ್ರಿಕಾಟ್ ಕಿವಿ, ಡಬ್ಬಿಯಲ್ಲಿ ಬರುವ ಪೀಚ್ ಹಣ್ಣಿನ ಹೋಳು ನಾಲಿಗೆ, ಪಾಪ್‌ಕಾರ್ನ್ ಮಾಡುವ ಒಣ ಜೋಳದ ಕಾಳು ಹಲ್ಲು. ರಬ್ಬರ್ ಗ್ಲೌಸಿಗೆ ನೀರು ತುಂಬಿ, ಬಾಯಿ ಕಟ್ಟಿ, ಹಿಂದಿನ ರಾತ್ರಿಯೇ ಫ್ರೀಜರ್‌ಗೆ ಹಾಕಿಡಿ. ಮಾರನೇ ದಿನ ಗ್ಲೌಸ್ ಕತ್ತರಿಸಿ ತೆಗೆದರೆ ಐದು ಬೆರಳಿನ ಐಸ್ ಕೈ ಸಿಗುತ್ತದೆ. ಬೆರಳು ಮುರಿಯದ ಹಾಗೆ ನಿಧಾನಕ್ಕೆ ಬಿಡಿಸಬೇಕು, ಅಷ್ಟೇ. ಉಳಿದ ಬಟ್ಟಲುಗಳನ್ನೂ ಒಂದೆರಡು ಗಂಟೆ ಫ್ರಿಜ್‌ನಲ್ಲಿಡಿ. ಬೆಚ್ಚಗಿನ ಸ್ಪ್ಯಾಗೆಟಿ ಮುಟ್ಟಿದರೆ ಹಸಿವಾಗುತ್ತದೆ, ತಣ್ಣಗಿನದನ್ನು ಮುಟ್ಟಿದರೆ ಮೈ ಜುಂ ಅನ್ನುತ್ತದೆ.

ಕತೆ ಹೇಳುವಾಗ ಅವಸರ ಬೇಡ. "ಆಮೇಲೆ ಅವನ ನಾಲಿಗೆ..." ಅಂತ ಹೇಳಿ ಸುಮ್ನೆ ಇದ್ದುಬಿಡಿ. ಬಟ್ಟಲು ಕೊಡಬೇಡಿ. ಕತ್ತಲಲ್ಲಿ ಕೈ ಚಾಚಿಕೊಂಡು ಕಾಯುತ್ತಾರಲ್ಲ, ಇಡೀ ಆಟದ ಮಜಾ ಇರುವುದೇ ಅಲ್ಲಿ. ಕೈ ಒರೆಸಿಕೊಳ್ಳಲು ಒದ್ದೆ ಬಟ್ಟೆ ಪಕ್ಕದಲ್ಲೇ ಇರಲಿ, ಇಲ್ಲದಿದ್ದರೆ ಸೋಫಾದ ಗತಿ ಮಗಳು ನಿಮಗೆ ಹೇಳುತ್ತಾಳೆ.

ಎರಡನೇ ಸುತ್ತು ಇನ್ನೂ ಚೆನ್ನ. ಈ ಸಲ ಬಟ್ಟಲು ತುಂಬುವುದು ಮಕ್ಕಳು, ಕಣ್ಣು ಮುಚ್ಚಿ ಕೂರುವುದು ನೀವು. 9 ವರ್ಷದವನು ಅಡುಗೆಮನೆಯಲ್ಲಿ ಏನೇನು ಹುಡುಕಿ ತರುತ್ತಾನೋ, ಅವನಿಗೇ ಗೊತ್ತು. ನಿಮಗೆ ಅದು ಸೌತೆಕಾಯಿ ಅಂತ ಗೊತ್ತಾದರೂ "ಇದು ಹಾವೇನೋ!" ಅಂತ ಕೂಗಿಬಿಡಿ. ಆಟಕ್ಕೆ ಪಕ್ಕದ ಮನೆಯ ಚಿಕ್ಕ ಮಕ್ಕಳು ಬಂದರೆ ದ್ರಾಕ್ಷಿಯ ಮೇಲೆ ಒಂದು ಕಣ್ಣಿರಲಿ. 5 ವರ್ಷದೊಳಗಿನವರಿಗೆ ಇಡೀ ದ್ರಾಕ್ಷಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇದೆ. ಒಣ ಜೋಳದ ಕಾಳೂ ಅಷ್ಟೇ.

ಇನ್ನೊಂದು, ಈಜಿಪ್ಟಿನ ಮಮ್ಮಿ ಮಾಡುವ ಆಟ. ನೀವು ಕುರ್ಚಿಯಲ್ಲಿ ಕೂತಿರಿ. ಇಬ್ಬರೂ ಟಾಯ್ಲೆಟ್ ಪೇಪರ್ ಹಿಡಿದು ಕಾಲಿನಿಂದ ಸುತ್ತುತ್ತಾ ಮೇಲಕ್ಕೆ ಬರುತ್ತಾರೆ. ಪೇಪರ್ ಎಳೆದರೆ ಹರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಅದಕ್ಕೇ ಈ ಆಟದಲ್ಲಿ ಇಬ್ಬರೂ ಜಗಳ ಬಿಟ್ಟು ಮಾತಾಡಿಕೊಳ್ಳಲೇಬೇಕು. ಮೂಗು, ಬಾಯಿ, ಕುತ್ತಿಗೆ ಸುತ್ತುವ ಹಾಗಿಲ್ಲ. ಸುತ್ತಿ ಮುಗಿಯುವವರೆಗೆ ಅಲ್ಲಾಡದೆ ಕೂತಿದ್ದು, ಅವರು ಫೋಟೋ ತೆಗೆಯಲು ಹತ್ತಿರ ಬಂದಾಗ ಎರಡೂ ಕೈ ಅಗಲಿಸಿ ಪರ ಪರ ಅಂತ ಪೇಪರ್ ಹರಿದು ಎದ್ದಂತೆ ಮಾಡಿ. ನಿಜಕ್ಕೂ ಏಳಬೇಕಿಲ್ಲ. ಎದ್ದರೆ ಕಾಲಿಗೆ ಪೇಪರ್ ತೊಡರುತ್ತದೆ, ಜೋಪಾನ.

ನೀರಿನ ಟಬ್‌ನಲ್ಲಿ ತೇಲುವ ಸೇಬನ್ನು ಹಲ್ಲಿನಿಂದ ಕಚ್ಚಿ ತೆಗೆಯುವ ಆಟ ಬಹಳ ಹಳೆಯದು, ಹೆಸರುವಾಸಿ ಕೂಡ. ನನಗಂತೂ ಇಷ್ಟ ಇಲ್ಲ. ಎಲ್ಲರ ಬಾಯಿಯೂ ಒಂದೇ ನೀರಿಗೆ ಅಲ್ವಾ? ಅಕ್ಟೋಬರ್ ಅಂದರೆ ನೆಗಡಿಯ ಕಾಲ ಬೇರೆ. ಸ್ಕಾಟ್ಲೆಂಡಿನಲ್ಲಿ ಕಾಕಂಬಿಯಂಥ ಪಾಕ ಸವರಿದ ಸ್ಕೋನ್ (ಬನ್ನಿನಂಥ ತಿಂಡಿ) ಅನ್ನು ದಾರಕ್ಕೆ ಕಟ್ಟಿ, ಕೈ ಹಿಂದೆ ಕಟ್ಟಿಕೊಂಡು ಬಾಯಿಂದಲೇ ತಿನ್ನಿಸುತ್ತಾರೆ. ಅಮೆರಿಕದಲ್ಲಿ ಅದೇ ಆಟಕ್ಕೆ ಡೋನಟ್ ಕಟ್ಟುತ್ತಾರೆ. ಅದನ್ನು ಆಡಿಸಿ. ಎರಡು ಕುರ್ಚಿಗಳ ಬೆನ್ನಿನ ಮೇಲೆ ಪೊರಕೆಯ ಕೋಲು ಅಡ್ಡ ಇಟ್ಟು ದಾರ ಕಟ್ಟಿ. ಒಂದು ತುದಿ ನಿಮ್ಮ ಕೈಯಲ್ಲಿರಲಿ. ಗೆಲ್ಲುತ್ತಿರುವವರ ಡೋನಟ್ ಸ್ವಲ್ಪ ಮೇಲೆ ಹೋಗುತ್ತದೆ, ಚಿಕ್ಕವಳದು ಸ್ವಲ್ಪ ಕೆಳಗೆ ಬರುತ್ತದೆ. ಯಾಕೆ ಅಂತ ಯಾರಿಗೂ ಹೇಳಬೇಡಿ.

ಪ್ರಶ್ನೆ: ನನ್ನ ಮೊಮ್ಮಗಳಿಗೆ 3 ವರ್ಷ. ಅಂಗಡಿಯಲ್ಲಿ ತೂಗುಹಾಕಿದ್ದ ಅಸ್ಥಿಪಂಜರ ನೋಡಿ ಕಿಟಾರನೆ ಕಿರುಚಿದಳು. ಹೆದರಿಸದೆ ಅವಳನ್ನು ಹೇಗೆ ಸೇರಿಸಿಕೊಳ್ಳಲಿ? ಅಜ್ಜನಾದ ನನಗೆ ಇದೆಲ್ಲಾ ಹೊಸದು.

ಉತ್ತರ: 3 ವರ್ಷದ ಮಗುವಿಗೆ ಮುಖವಾಡದ ಒಳಗೆ ಅಜ್ಜನೇ ಇದ್ದಾನೆ ಅಂತ ಹೇಳಿದರೂ ನಂಬಿಕೆ ಬರುವುದಿಲ್ಲ ಸರ್. ಆದ್ದರಿಂದ ಅವಳ ಎದುರಿಗೇ ಮುಖವಾಡ ಹಾಕಿ, ತೆಗೆಯಿರಿ, ಮತ್ತೆ ಹಾಕಿ. ಆಮೇಲೆ ಅವಳ ಕೈಗೇ ಕೊಟ್ಟು ನಿಮ್ಮ ಮುಖಕ್ಕೆ ಹಾಕಲು ಹೇಳಿ. ಅವಳಾಗಿ ಕೇಳುವವರೆಗೆ ಅವಳ ಮುಖಕ್ಕೆ ಬೇಡ.

ಇನ್ನು ಈ ಹಬ್ಬಕ್ಕೆ ಮುಖ ಕೆತ್ತಿ ಒಳಗೆ ದೀಪ ಇಡುವ ಕುಂಬಳಕಾಯಿ. ಇದರಲ್ಲಿ ಅವಳಿಗೆ ಅತಿ ಖುಷಿ ಕೊಡುವುದು ಕೆತ್ತನೆಯಲ್ಲ, ಒಳಗಿನ ತಿರುಳು. ಕಾಯಿಯ ತಲೆ ನೀವು ಕತ್ತರಿಸಿಕೊಟ್ಟು, ಕೆಳಗೆ ಹಳೇ ಪೇಪರ್ ಹಾಸಿ, ತೋಳು ಮೇಲೇರಿಸಿ ಕೈ ಹಾಕಲು ಬಿಡಿ. ಲೋಳೆ, ನಾರು, ಜಾರುವ ಬೀಜ. ಬೀಜ ಎಷ್ಟಿರಬಹುದು ಅಂತ ಎಲ್ಲರೂ ಊಹೆ ಹೇಳಿ, ಒಂದು ಚೀಟಿಯಲ್ಲಿ ಬರೆದಿಡಿ. ತೊಳೆದು ಹತ್ತತ್ತರ ಗುಂಪು ಮಾಡಿ ಎಣಿಸಿ. ಸಾಮಾನ್ಯ ಕಾಯಿಯಲ್ಲೇ ನೂರಾರು ಬೀಜ ಇರುತ್ತವೆ, ಹಾಗಾಗಿ ಒಂದು ಇಡೀ ಮಧ್ಯಾಹ್ನ ಕಳೆಯಿತು ಅಂದುಕೊಳ್ಳಿ.

ಚಾಕು ದೊಡ್ಡವರ ಕೈಯಲ್ಲೇ ಇರಲಿ. ಅಲ್ಲಿ ಇದಕ್ಕೆಂದೇ ಗರಗಸದಂಥ ಪುಟ್ಟ ಚಾಕು ಸಿಗುತ್ತದೆ, ಅಡುಗೆಮನೆ ಚಾಕುವಿಗಿಂತ ಅದು ವಾಸಿ. ಒಳಗೆ ಮೇಣದ ಬತ್ತಿ ಬೇಡ, ಬ್ಯಾಟರಿ ದೀಪ ಇಡಿ, ಮಕ್ಕಳ ವೇಷದ ಬಟ್ಟೆ ಬೇಗ ಬೆಂಕಿ ಹಿಡಿಯಬಹುದು. ಕೆತ್ತಿದ ಕಾಯಿ ಕೆಲವೇ ದಿನಕ್ಕೆ ಕೊಳೆಯುತ್ತದೆ, 31ಕ್ಕೆ ಒಂದೆರಡು ದಿನ ಮುಂಚೆ ಕೆತ್ತಿದರೆ ಸಾಕು. ಕೆತ್ತದೆ ಬರೀ ಸ್ಕೆಚ್ ಪೆನ್ನು, ಸ್ಟಿಕ್ಕರ್‌ನಲ್ಲಿ ಮುಖ ಮಾಡಿದರೆ ವಾರಗಟ್ಟಲೆ ಇರುತ್ತದೆ.

ಕತ್ತಲಿನ ಅಭ್ಯಾಸ ಆಗಲಿ ಅಂತಿದ್ದರೆ ಕಪ್ಪು ಕಾಗದದ ಬಾವಲಿಗಳನ್ನು ಗೋಡೆಗೆ ಅಂಟಿಸಿ. ಟಾರ್ಚ್ ಅವಳ ಕೈಗೇ ಕೊಟ್ಟು ಹುಡುಕಿಸಿ. ಬೆಳಕು ತನ್ನ ಕೈಯಲ್ಲಿದೆ ಅಂತ ಗೊತ್ತಾದರೆ ಮಕ್ಕಳ ಧೈರ್ಯವೇ ಬೇರೆ.

ಪ್ರಶ್ನೆ: ಹ್ಯಾಲೋವೀನ್ ಅನ್ನೋದೇ ಚಾಕೊಲೇಟ್ ಮಾರಲು ಕಟ್ಟಿದ ಹಬ್ಬ. ವಯಸ್ಸಾದವರು ಇದಕ್ಕೆ ಯಾಕೆ ಕುಣಿಯಬೇಕು?

ಉತ್ತರ: ಮಾರಾಟ ಜೋರಾಗಿದೆ ನಿಜ. ಆದರೆ ಹಬ್ಬ ಚಾಕೊಲೇಟಿಗಿಂತ ತುಂಬಾ ಹಳೆಯದು. ಐರ್ಲೆಂಡ್, ಸ್ಕಾಟ್ಲೆಂಡ್ ಕಡೆ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಹೊತ್ತಿನ ಸಾವಿನ್ ಎಂಬ ಆಚರಣೆ ಇತ್ತು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, ಅದರ ಹಿಂದಿನ ಸಂಜೆಯೇ ಇದು. 19ನೇ ಶತಮಾನದಲ್ಲಿ ಅಲ್ಲಿಂದ ವಲಸೆ ಬಂದವರು ಇದನ್ನು ಅಮೆರಿಕಕ್ಕೆ ತಂದರು. ಊರಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಮೆರಿಕದಲ್ಲಿ ಕುಂಬಳಕಾಯಿ ಸಿಕ್ಕಿತು. ಟರ್ನಿಪ್ ಕೊರೆದು ನೋಡಿದವರಿಗೆ ಗೊತ್ತು, ಅವರಿಗೆ ಎಷ್ಟು ಖುಷಿಯಾಗಿರಬೇಕು ಅಂತ.

ಸ್ಕಾಟ್ಲೆಂಡಿನಲ್ಲಿ ಮಕ್ಕಳು ಬಾಗಿಲಿಗೆ ಬಂದು ಸುಮ್ನೆ ಕೈ ಚಾಚಿದರೆ ತಿಂಡಿ ಸಿಗುತ್ತಿರಲಿಲ್ಲ. ಒಂದು ಹಾಡು, ಪದ್ಯ, ಜೋಕು ಏನಾದರೂ ಹೇಳಲೇಬೇಕಿತ್ತು. ನಿಮ್ಮ ಮನೆಯಲ್ಲೂ ಇದನ್ನೇ ಕಾಯಿದೆ ಮಾಡಿ. ನೀವು ಕೋಣೆಯ ಬಾಗಿಲು ಹಾಕಿಕೊಂಡು ಒಳಗೆ ಕೂತಿರಿ, ಮೊಮ್ಮಕ್ಕಳು ವೇಷ ಬದಲಿಸಿ ಬದಲಿಸಿ ಬಂದು ಬಾಗಿಲು ತಟ್ಟಲಿ. ಜೋಕು ಹೇಳದೆ ಚಾಕೊಲೇಟ್ ಇಲ್ಲ. ಹಳಸಲು ಜೋಕಿಗೆ ಅರ್ಧ ಚಾಕೊಲೇಟ್. ನಿಮ್ಮಂಥ ಖಡಕ್ ಅಜ್ಜನಿಗೆ ಇದು ಹೇಳಿ ಮಾಡಿಸಿದ ಆಟ. ಬೇರೆ ಮಕ್ಕಳೂ ಬರುತ್ತಾರಾದರೆ ಪೆನ್ಸಿಲು, ಸ್ಟಿಕ್ಕರ್ ಥರದ್ದೂ ಇಟ್ಟುಕೊಳ್ಳಿ. ಅಲರ್ಜಿ ಇರುವ ಮಕ್ಕಳಿಗಾಗಿ ಹೀಗೆ ತಿಂಡಿಯಲ್ಲದ ಉಡುಗೊರೆ ಇದೆ ಅಂತ ತಿಳಿಸಲು ಬಾಗಿಲ ಮುಂದೆ ನೀಲಿ-ಹಸಿರು ಬಣ್ಣದ ಕುಂಬಳಕಾಯಿ ಇಡುವ ರೂಢಿ 2014ರಿಂದ ಅಮೆರಿಕದಲ್ಲೆಲ್ಲಾ ಹಬ್ಬಿದೆ.

ಪ್ರಶ್ನೆ: ಮೊಮ್ಮಕ್ಕಳು ನ್ಯೂಯಾರ್ಕ್‌ನಲ್ಲಿ, ನಾವಿಬ್ಬರು ಭಾರತದಲ್ಲಿ. ವೀಡಿಯೊ ಕಾಲ್‌ನಲ್ಲಿ ಏನಾದರೂ ಆಡಬಹುದಾ?

ಉತ್ತರ: ಆಡಬಹುದು, ಆದರೆ 31ರ ಸಂಜೆ ಮಾತ್ರ ಬೇಡ. ಅಲ್ಲಿ ಸಂಜೆ 6 ಅಂದರೆ ನಿಮಗೆ ನಸುಕಿನ ಮೂರೂವರೆ. ಮಕ್ಕಳೂ ಆಗ ಬೀದಿ ಸುತ್ತುತ್ತಿರುತ್ತಾರೆ. ರಜೆಯ ದಿನ ಅವರ ಬೆಳಗ್ಗೆ 9ಕ್ಕೆ ಮಾಡಿ, ನಿಮಗೆ ಸಂಜೆ ಆರೂವರೆ. ಕಾಗದದಲ್ಲಿ ಒಂದು ದೆವ್ವ ಕತ್ತರಿಸಿ ನಿಮ್ಮ ಮನೆಯಲ್ಲಿ ಎಲ್ಲಾದರೂ ಅಡಗಿಸಿಡಿ. ಫೋನ್ ಹಿಡಿದು ಅವರು ಹೇಳಿದ ಕಡೆಗೆಲ್ಲಾ ನಡೆಯಿರಿ. "ಎಡಕ್ಕೆ ಹೋಗಜ್ಜಿ, ಕಪಾಟು ತೆಗಿ, ಅಲ್ಲ ಮೇಲಿನದು." ಒಬ್ಬರು ಫೋನ್ ಹಿಡಿದರೆ ಇನ್ನೊಬ್ಬರು ದೆವ್ವವನ್ನು ಮೆಲ್ಲಗೆ ಜಾಗ ಬದಲಿಸಬಹುದು. ಅವರು ಕೂಗಾಡುತ್ತಾರೆ, ಆಡಲಿ ಬಿಡಿ. ಆಟಕ್ಕೆ ಮುಂಚೆ ಕಪಾಟು ಒಮ್ಮೆ ಜೋಡಿಸಿಟ್ಟುಕೊಂಡರೆ ಒಳ್ಳೆಯದು, ಸೊಸೆಯೂ ಪಕ್ಕದಲ್ಲೇ ಕೂತು ನೋಡುತ್ತಿರುತ್ತಾಳೆ.