ಬ್ರೇಡಿ ಹೋಗಿದ್ದು ಟ್ಯಾಂಪಾಗೆ, ಬಿಸಿ ತಟ್ಟಿದ್ದು ಉಳಿದವರಿಗೆ

2020ರಲ್ಲಿ ಅಮೆರಿಕನ್ ಫುಟ್‌ಬಾಲ್ ತಾರೆ ಟಾಮ್ ಬ್ರೇಡಿ ಪೇಟ್ರಿಯಟ್ಸ್ ತಂಡ ಬಿಟ್ಟು ಟ್ಯಾಂಪಾ ತಂಡ ಸೇರಿದ. ಅವನಿಗೂ ನಿಮ್ಮ ಪ್ಯಾಂಥರ್ಸ್ ತಂಡಕ್ಕೂ ನೇರ ಸಂಬಂಧವೇ ಇಲ್ಲದಿದ್ದರೂ ಆ ವರ್ಷ ನಿಮ್ಮ ತಂಡ ಯಾಕೆ ಅಲ್ಲಾಡಿತು ಅಂತ ಕೇಳಿದ್ದೀರಿ. ಬಹುಮಟ್ಟಿಗೆ ಕಾರಣ ಕುರ್ಚಿಗಳ ಕೊರತೆ. ಈ ಆಟದ ಲೀಗ್ ಎನ್‌ಎಫ್‌ಎಲ್‌ನಲ್ಲಿ ಇರೋದು 32 ತಂಡ, ತಂಡಕ್ಕೊಬ್ಬನೇ ಮುಖ್ಯ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು; ಬ್ರೇಡಿಯದೂ ಅದೇ ಜಾಗ. ಒಬ್ಬ ಬಂದು ಕೂತರೆ ಅಲ್ಲಿದ್ದವನು ಏಳಲೇಬೇಕು.

ಮೊದಲು ಎದ್ದವರು ಎಲ್ಲಿ ಹೋದರು ಅಂತ ಹಿಂಬಾಲಿಸಿ. ಬ್ರೇಡಿ ಟ್ಯಾಂಪಾಗೆ ಬಂದಾಗ ಎದ್ದವನು ವಿನ್‌ಸ್ಟನ್. ಹಿಂದಿನ ವರ್ಷ ಅವನ ಎಸೆತಗಳಿಂದ 33 ಟಚ್‌ಡೌನ್ (ಅಂಕ ತರುವ ಆಟ) ಬಂದಿದ್ದವು, 30 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಎಸೆತ) ಕೂಡ ಆಗಿದ್ದವು. ಅವನು ಸೇಂಟ್ಸ್ ತಂಡ ಸೇರಿದ. ಅಲ್ಲಿನ ಕ್ವಾರ್ಟರ್‌ಬ್ಯಾಕ್ ಬ್ರಿಜ್‌ವಾಟರ್ ಅಷ್ಟರಲ್ಲೇ ನಿಮ್ಮ ತಂಡಕ್ಕೆ ಬಂದಿದ್ದ. ನೀವು ನಿಮ್ಮ ಹಳೆಯ ಕ್ವಾರ್ಟರ್‌ಬ್ಯಾಕ್ ನ್ಯೂಟನ್‌ನನ್ನು ಬಿಟ್ಟಿರಿ, ಅವನು ಕೊನೆಗೆ ಸೇರಿದ್ದು ಬ್ರೇಡಿ ಬಿಟ್ಟ ಪೇಟ್ರಿಯಟ್ಸ್! ಒಂದು ಪೂರ್ತಿ ಸುತ್ತು. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗೋದು ಇದೇ.

ಆಮೇಲೆ ಸಂಬಳದ ಮಿತಿ ನೋಡಿ, ಅಂದರೆ ಆಟಗಾರರ ಸಂಬಳಕ್ಕೆ ತಂಡ ವರ್ಷಕ್ಕೆ ಖರ್ಚು ಮಾಡಬಹುದಾದ ಒಟ್ಟು ದುಡ್ಡು. ಬ್ರೇಡಿ ಇಲ್ಲದಿದ್ದರೂ ಅವನ ಹಳೆಯ ಒಪ್ಪಂದದ 1 ಕೋಟಿ 35 ಲಕ್ಷ ಡಾಲರ್ ಆ ವರ್ಷ ಪೇಟ್ರಿಯಟ್ಸ್ ಲೆಕ್ಕದಲ್ಲೇ ಉಳಿಯಿತು. ಅಷ್ಟು ದುಡ್ಡಿಗೆ ಬೇರೆ ಆಟಗಾರರನ್ನು ತರೋ ಹಾಗಿಲ್ಲ.

ಕೊನೆಗೆ ಡಿವಿಷನ್, ಅಂದರೆ ಲೀಗ್‌ನೊಳಗಿನ ನಾಲ್ಕು ತಂಡಗಳ ಗುಂಪು. ಟ್ಯಾಂಪಾ ನಿಮ್ಮದೇ ಡಿವಿಷನ್, ಅಂದರೆ ವರ್ಷಕ್ಕೆ ಎರಡು ಸಲ ಬ್ರೇಡಿ ಎದುರಾಗುತ್ತಿದ್ದ. ಆ ವರ್ಷ ಎರಡರಲ್ಲೂ ಸೋತಿರಿ. ಅತ್ತ ಪೇಟ್ರಿಯಟ್ಸ್ ಇರೋ ಡಿವಿಷನ್‌ನಲ್ಲಿ ಬಿಲ್ಸ್ ತಂಡ 1995ರ ನಂತರ ಮೊದಲ ಸಲ ಗೆದ್ದಿತು. ಅದರಲ್ಲಿ ಬ್ರೇಡಿ ಹೋಗಿದ್ದರ ಪಾಲೆಷ್ಟು, ಬಿಲ್ಸ್‌ನ ಕ್ವಾರ್ಟರ್‌ಬ್ಯಾಕ್ ಜಾಶ್ ಆ್ಯಲೆನ್ ಬೆಳೆದಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳೋದು ಕಷ್ಟ.

ಮುಂದಿನ ಸಲ ದೊಡ್ಡ ಹೆಸರು ಜಾಗ ಬದಲಿಸಿದಾಗ ಇದೇ ಕ್ರಮದಲ್ಲಿ ನೋಡಿ: ಎದ್ದವನು ಯಾರು, ದುಡ್ಡು ಯಾರ ಲೆಕ್ಕಕ್ಕೆ, ನಿಮ್ಮ ವೇಳಾಪಟ್ಟಿಯಲ್ಲಿ ಅವನು ಎಷ್ಟು ಸಲ ಬರುತ್ತಾನೆ.