ಊರಿಗೆ ಬಸ್ಸು ಬೇಕು, ಯಾರನ್ನು ಕೇಳೋದು?

ಪ್ರಶ್ನೆ: ನಮ್ಮೂರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು. ಕಾಲೇಜು ಮಕ್ಕಳು ಬಾಗಿಲಲ್ಲಿ ಜೋತುಬಿದ್ದು ಹೋಗುತ್ತಾರೆ. ಇನ್ನೊಂದು ಬಸ್ಸು ಬಿಡಿ ಅಂತ ಆರ್‌ಟಿಓ ಕಚೇರಿಗೆ ಅರ್ಜಿ ಕೊಟ್ಟರೆ, ಅದು ನಮ್ಮ ಕೆಲಸ ಅಲ್ಲ ಅಂದರು. ಲಾಸ್ ಆಗುವ ರೂಟಿಗೆ ಯಾರೂ ಬಸ್ಸು ಬಿಡಲ್ಲ, ಸುಮ್ನಿರಿ ಅಂತಾರೆ ಊರಿನವರು. ಏನು ಮಾಡೋಣ?

ಉತ್ತರ: ಸುಮ್ಮನಿರಬೇಡಿ. ಕೇಳುವ ಜಾಗ ಬೇರೆ, ಅಷ್ಟೆ. ಆರ್‌ಟಿಓ ಸಾರಿಗೆ ಇಲಾಖೆಗೆ ಸೇರಿದ್ದು. ಲೈಸೆನ್ಸು, ನೋಂದಣಿ, ಪರ್ಮಿಟ್ಟು, ತೆರಿಗೆ ಅವರದ್ದು. ಬಸ್ಸು ಓಡಿಸುವುದು ಸಾರಿಗೆ ನಿಗಮ. 1948ರಲ್ಲಿ ಮೈಸೂರು ಸರ್ಕಾರದ ಇಲಾಖೆಯಾಗಿ ಶುರುವಾಗಿ 1961ರಲ್ಲಿ ನಿಗಮವಾದದ್ದು ಈಗ ನಾಲ್ಕಾಗಿದೆ: 1997ರಲ್ಲಿ ಬೆಂಗಳೂರು ಮತ್ತು ಹುಬ್ಬಳ್ಳಿ ಕಡೆಯವು ಬೇರೆಯಾದವು, 2000ದಲ್ಲಿ ಕಲಬುರಗಿ ಕಡೆಯದು. ನಿಮ್ಮ ಜಿಲ್ಲೆ ಯಾವುದಕ್ಕೆ ಸೇರಿದೆ ನೋಡಿಕೊಳ್ಳಿ.

ಇನ್ನು ಲಾಸಿನ ಮಾತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಸೆಕ್ಷನ್, ನಿಗಮ ವ್ಯವಹಾರದ ಲೆಕ್ಕದಲ್ಲೇ ನಡೆಯಬೇಕು ಅನ್ನುತ್ತದೆ, ನಿಜ. ಆದರೆ ಅದೇ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ರಾಜ್ಯದಲ್ಲಿ ಸಾಕಷ್ಟು ಬಸ್ಸು, ಚೆನ್ನಾಗಿ ಓಡುವ ಬಸ್ಸು, ಮಿತವಾದ ಖರ್ಚಿನಲ್ಲಿ ಒದಗಿಸುವುದು ನಿಗಮದ ಕರ್ತವ್ಯ. ಲಾಭದ ರೂಟಿನ ದುಡ್ಡು ಹಳ್ಳಿ ರೂಟಿಗೆ ಆಸರೆಯಾಗಬೇಕಾದದ್ದು ಇದಕ್ಕೇ. ಬಸ್ಸಿಲ್ಲ ಅಂತ ಪಿಯುಸಿಗೇ ಓದು ಬಿಟ್ಟ ಹುಡುಗಿಯ ನಷ್ಟವನ್ನು ಯಾವ ಡಿಪೋ ಲೆಕ್ಕದಲ್ಲೂ ಬರೆಯುವುದಿಲ್ಲ, ಅದನ್ನು ಹೇಳಬೇಕಾದವರು ನೀವೇ.

ಅರ್ಜಿಯನ್ನು ಡಿಪೋ ಮ್ಯಾನೇಜರಿಗೆ ಕೊಡಿ, ಒಂದು ಪ್ರತಿ ವಿಭಾಗೀಯ ನಿಯಂತ್ರಣಾಧಿಕಾರಿಗೆ. ಪಂಚಾಯಿತಿ ನಿರ್ಣಯ, ಎಷ್ಟು ಮಕ್ಕಳ ಹತ್ತಿರ ಪಾಸ್ ಇದೆ ಅಂತ ಕಾಲೇಜಿನಿಂದ ಒಂದು ಪತ್ರ, ಯಾವ ಹೊತ್ತಿಗೆ ಬಸ್ಸು ಬೇಕು ಅನ್ನುವುದು ಜೊತೆಗಿರಲಿ. ಹೊಸ ಬಸ್ಸು ಅಂದರೆ ಗಾಡಿ, ಡ್ರೈವರ್, ಕಂಡಕ್ಟರ್ ಎಲ್ಲ ಹೊಂದಿಸಬೇಕು. ಪಕ್ಕದ ಊರಿನವರೆಗೆ ಬರುವ ಬಸ್ಸನ್ನೇ ನಿಮ್ಮೂರಿಗೆ ಮುಂದುವರಿಸಿ ಅಂತ ಕೇಳಿದರೆ ಬೇಗ ಆಗುವ ಸಾಧ್ಯತೆ ಜಾಸ್ತಿ. ಮತ್ತೆ, ಹೆಂಗಸರು ಶಕ್ತಿ ಯೋಜನೆಯ ಶೂನ್ಯ ಟಿಕೆಟ್ ತಪ್ಪದೆ ಕೇಳಿ ಪಡೆಯಲಿ. ಎಷ್ಟು ಜನ ಹತ್ತಿದರು ಅನ್ನುವುದು ದಾಖಲಾಗುವುದು ಅದರಿಂದಲೇ, ಸರ್ಕಾರ ನಿಗಮಕ್ಕೆ ಹಣ ಕೊಡುವುದೂ ಅದರ ಮೇಲೆಯೇ.

ಪ್ರಶ್ನೆ: ಟಿಕೆಟ್ ದರ ಏರಿಸೋದು ನಿಗಮವೇ ತಾನೇ?

ಉತ್ತರ: ಅಲ್ಲ. ನಿಗಮ ಪ್ರಸ್ತಾವ ಕಳಿಸಬಹುದು, ಒಪ್ಪಬೇಕಾದದ್ದು ಸರ್ಕಾರ. 2025ರ ಜನವರಿಯಲ್ಲಿ ಶೇ 15ರಷ್ಟು ಏರಿದ್ದು ಸಚಿವ ಸಂಪುಟದ ತೀರ್ಮಾನದಿಂದ. ಡೀಸೆಲ್ ದರ ಏರಿದರೂ ವರ್ಷಗಟ್ಟಲೆ ಹಳೇ ದರದಲ್ಲೇ ಬಸ್ಸು ಓಡಿಸಬೇಕಾಗಿ ಬರುವುದು ಹೀಗೆಯೇ. ದರದ ಬಗ್ಗೆ ಕಂಡಕ್ಟರ್ ಹತ್ತಿರ ಜಗಳ ಬೇಡ, ನಿಮ್ಮ ಶಾಸಕರನ್ನು ಕೇಳಿ.