ಮಕ್ಕಳು, ಅಜ್ಜ-ಅಜ್ಜಿ ಜೊತೆ ಒಂದು ದಿನ ಕಳೆಯೋಕೆ ಕರಾವಳಿಯ ಯಾವ ಬೀಚ್ ಒಳ್ಳೆಯದು?

ಮನೆಮಂದಿಯೆಲ್ಲ ಹೋಗುವುದಾದರೆ ನನ್ನ ಮೊದಲ ಆಯ್ಕೆ ಹೊನ್ನಾವರದ ಕಾಸರಕೋಡು, ಇಲ್ಲವೇ ಉಡುಪಿ ಹತ್ತಿರದ ಪಡುಬಿದ್ರಿ. ಎರಡಕ್ಕೂ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದು ಸುಮ್ನೆ ಸಿಗುವುದಿಲ್ಲ, ನೀರಿನ ಗುಣಮಟ್ಟ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಎಲ್ಲವನ್ನೂ ನೋಡಿಯೇ ಕೊಡುತ್ತಾರೆ. ಪುಟ್ಟ ಮಕ್ಕಳಿದ್ದಾಗ ಅಲೆಗಿಂತ ಇವೇ ಮುಖ್ಯ ಅಲ್ವಾ? ಕಾಸರಕೋಡಿನಲ್ಲಿ ಗಾಳಿಮರಗಳ ನೆರಳೂ ಇದೆ, ಹಿರಿಯರು ಆರಾಮಾಗಿ ಕೂರಬಹುದು. ಮಲ್ಪೆ ಕೂಡ ಚೆನ್ನಾಗಿದೆ, ಅಲ್ಲಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟ್ ಸಿಗುತ್ತದೆ, ಆದರೆ ರಜಾದಿನಗಳಲ್ಲಿ ಜನ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುತ್ತದೆ, ದಯವಿಟ್ಟು ಆಗ ಮಕ್ಕಳನ್ನು ನೀರಿಗಿಳಿಸಬೇಡಿ. ಬೇರೆ ತಿಂಗಳಲ್ಲೂ ಕೆಂಪು ಬಾವುಟ ಕಂಡರೆ ದಡದಲ್ಲೇ ಆಡಿಸಿ. ಡಿಸೆಂಬರ್, ಜನವರಿ ಒಳ್ಳೆಯ ಸಮಯ, ಬಿಸಿಲು ಏರುವ ಮುಂಚೆ ಬೆಳಿಗ್ಗೆಯೇ ತಲುಪಿಬಿಡಿ.